ಬೇಸಿಗೆಯಲ್ಲಿ ಎಲ್ಲಿಯ ಕೊಳೆ?

"ಸಾರ್, ತೋಟಕ್ಕೆ ಕೊಳೆ ಬಂದಿದೆ, ಏನು ಹೊಡೀಲಿ?"

ಏಪ್ರಿಲ್ ತಿಂಗಳಲ್ಲಿ ಇಂಥ ಫೋನ್ ಬಂದರೆ ನನಗೆ ರೇಗುತ್ತದೆ. ಮಳೆಯೇ ಹಿಡಿಯದೆ ಅಡಿಕೆಗೆ ಕೊಳೆರೋಗ ಎಲ್ಲಿಂದ ಬರಬೇಕು? ಆದರೆ ಮಲೆನಾಡಿನಲ್ಲಿ ಮರದ ಬುಡಕ್ಕೆ ನಾಲ್ಕು ಕಾಯಿ ಬಿದ್ದರೆ ಸಾಕು, ಹೆಸರು ಒಂದೇ. ಹಿಂಗಾರ (ಅಡಿಕೆಯ ಹೂಗೊಂಚಲು) ಒಣಗಿದರೂ ಕೊಳೆ, ತಿಗಣೆ ರಸ ಹೀರಿ ಎಳೆಕಾಯಿ ಉದುರಿದರೂ ಕೊಳೆ, ಕಾಯಿ ಸೀಳಿದರೂ ಕೊಳೆ. ಎಲ್ಲದಕ್ಕೂ ಬೋರ್ಡೋ ದ್ರಾವಣ.

ಅದಕ್ಕೆ ಮೈಲುತುತ್ತ, ಸುಣ್ಣ ಬೆರೆಸುವುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಕಾಯಿ ನೋಡುವುದನ್ನು ಮಾತ್ರ ಪ್ರತಿ ವರ್ಷ ಹೇಳುತ್ತೇನೆ. ಇನ್ನೊಮ್ಮೆ ಹೇಳುತ್ತೇನೆ.

ಬಿದ್ದ ಕಾಯಿಯನ್ನು ಕೈಗೆತ್ತಿಕೊಳ್ಳಿ. ತೊಟ್ಟಿನ ಕಡೆ ತಿರುಗಿಸಿ. ನಿಜವಾದ ಕೊಳೆಯಾದರೆ ಅಲ್ಲಿ ನೀರಲ್ಲಿ ನೆನೆದಂಥ ಕಡು ಹಸಿರು ಮಚ್ಚೆ ಇರುತ್ತದೆ. ಕಾಯಿಯ ಹೊಳಪು ಹೋಗಿರುತ್ತದೆ. ನೆಲಕ್ಕೆ ಬಿದ್ದ ಮೇಲೆ ಮೈತುಂಬ ಬಿಳಿ ಬೂಸ್ಟು ಹಬ್ಬುತ್ತದೆ. ಇದು ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯ ಕೆಲಸ. ಅದಕ್ಕೆ ಬಿಡದೆ ಸುರಿಯುವ ಮಳೆ ಬೇಕು, ತಂಪು ಬೇಕು. ಕಾಯಿ ಮೇಲೆ ಸೂಜಿ ಚುಚ್ಚಿದಂಥ ಕಲೆ ಇದ್ದರೆ ತಿಗಣೆಯ ಅನುಮಾನ ಪಡಿ. ತಿಗಣೆಗೆ ಬೋರ್ಡೋ ಹೊಡೆದರೆ ಸ್ನಾನ ಮಾಡಿಸಿದ ಹಾಗೆ, ಅಷ್ಟೇ. ಹಿಂಗಾರ ತುದಿಯಿಂದ ಹಳದಿಯಾಗಿ ಒಣಗುತ್ತಾ ಬಂದರೆ ಅದು ಬೇಸಿಗೆಯ ಬೇರೆ ರೋಗ. ಸೀಳುವುದು ರೋಗವೇ ಅಲ್ಲ, ಒಣಗಿದ್ದ ತೋಟಕ್ಕೆ ಒಮ್ಮೆಲೇ ನೀರಾದಾಗ ಹಾಗಾಗುವುದು ಜಾಸ್ತಿ. ನೀರು ನಿಲ್ಲದಂತೆ ಬಸಿಗಾಲುವೆ ನೋಡಿಕೊಳ್ಳಿ.

ಹೆಸರಿನ ಈ ಗೊಂದಲ ಹಳೆಯದು. ಕಾಫಿ ಎಲೆ ಕಪ್ಪಾಗಿಸುವ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಶಿಲೀಂಧ್ರತಜ್ಞ ಕುಕ್ 1876ರಲ್ಲೇ ‘ಪೆಲಿಕ್ಯುಲೇರಿಯಾ ಕೊಳೆರೋಗ’ ಅಂತ ನಮ್ಮ ಮಾತನ್ನೇ ಎತ್ತಿ ಇಟ್ಟುಬಿಟ್ಟರು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಬರೆದ ಅಡಿಕೆ ಕೊಳೆಯ ಜೀವಿಯೇ ಬೇರೆ. ಅಡಿಕೆ ನಡುವೆ ಕಾಫಿ ಹಾಕಿದವರು ಈಗಲೂ "ಮೇಲಿನ ಕೊಳೆ ಕೆಳಗಿಳೀತು" ಅನ್ನುತ್ತಾರೆ. ಇಳಿದಿಲ್ಲ, ಮಾರಾಯ್ರೆ!

ಇನ್ನು ನಿಜವಾದ ಕೊಳೆ. ಶೇಕಡಾ 1ರ ಬೋರ್ಡೋವನ್ನು ಮಳೆ ಹಿಡಿಯುವ ಮೊದಲೇ ಹೊಡೆಯಬೇಕು, 40–45 ದಿನ ಬಿಟ್ಟು ಮತ್ತೊಮ್ಮೆ. ಕಾಯಿ ಮೇಲೆ ಪದರವಾಗಿ ಕೂತು ರೋಗ ಒಳಹೋಗದಂತೆ ತಡೆಯುವುದಷ್ಟೇ ಅದರ ಕೆಲಸ. ಒಳಹೊಕ್ಕ ರೋಗವನ್ನು ವಾಸಿ ಮಾಡುವುದಿಲ್ಲ. ಇದನ್ನು ಒಬ್ಬ ಅಜ್ಜಿಗೆ ವಿವರವಾಗಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಸರಿ ಮಗಾ, ಮಳೆಗೆ ಮುಂಚೆ ಕೊನೆಗೌಡನ್ನ ನೀನೇ ಕಳಿಸು" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಕೊನೆಗೌಡ, ಅಂದರೆ ಮರ ಹತ್ತುವವರು, ಸಿಕ್ಕ ದಿನವೇ ಔಷಧಿಯ ದಿನ, ಅದೂ ನಿಜ ಅಲ್ವಾ?

ಮರ ನೋಡದೆ ಫೋನಿನಲ್ಲಿ ಖಚಿತವಾಗಿ ಹೇಳುವುದು ಕಷ್ಟ. ಎರಡು ಕಾರಣ ಒಟ್ಟಿಗೇ ಇರಬಹುದು. ಕಾಯಿ ತಂದು ತೋರಿಸಿ. ಆದರೆ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ತರಬೇಡಿ, ಪೇಪರಿನಲ್ಲಿ ಸುತ್ತಿ ತನ್ನಿ. ಕವರಿನೊಳಗೆ ಬೆವೆತು, ನನ್ನ ಟೇಬಲ್ಲಿಗೆ ಬರುವಷ್ಟರಲ್ಲಿ ಚೆನ್ನಾಗಿದ್ದ ಕಾಯಿಯೂ ಕೊಳೆತಿರುತ್ತದೆ.