ಹೋಳಿಗೆಯ ಕಣಕ ಘನವೋ, ದ್ರವವೋ?

ಪ್ರಶ್ನೆ: ಘನವಸ್ತುವಿಗೆ ನಿಶ್ಚಿತ ಆಕಾರವಿದೆ, ದ್ರವಕ್ಕೆ ಇಲ್ಲ ಎಂದು ಮಗಳ ವಿಜ್ಞಾನದ ಪುಸ್ತಕದಲ್ಲಿದೆ. ಹಾಗಾದರೆ ಬೇಕಾದ ಆಕಾರಕ್ಕೆ ಬರುವ ಜೇಡಿಮಣ್ಣು, ಹೋಳಿಗೆಯ ಕಣಕ, ಬೆಣ್ಣೆ ಇವೆಲ್ಲ ಯಾವ ಗುಂಪಿಗೆ ಸೇರುತ್ತವೆ?

ಉತ್ತರ: ಪರೀಕ್ಷೆಯಲ್ಲಿ ಕೇಳಿದರೆ ‘ಘನ’ ಎಂದು ಬರೆಯುವುದು ಕ್ಷೇಮ. ಆದರೆ ಪುಸ್ತಕದ ಆ ವ್ಯಾಖ್ಯೆ ಎರಡು ಸಂಗತಿಗಳನ್ನು ಹೇಳದೆ ಬಿಟ್ಟಿದೆ: ವಸ್ತುವಿನ ಮೇಲೆ ಎಷ್ಟು ಬಲ ಬೀಳುತ್ತಿದೆ ಮತ್ತು ನಾವು ಅದನ್ನು ಎಷ್ಟು ಹೊತ್ತು ನೋಡುತ್ತಿದ್ದೇವೆ. ಮಿದುವಾದ ವಸ್ತುಗಳ ವಿಷಯದಲ್ಲಿ ಈ ಎರಡನ್ನೂ ಹೇಳದೆ ಉತ್ತರ ಪೂರ್ಣವಾಗುವುದಿಲ್ಲ.

ಜೇಡಿಮಣ್ಣಿನಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ, ಚಪ್ಪಟೆಯಾದ ಖನಿಜದ ಬಿಲ್ಲೆಗಳಿದ್ದು, ಅವುಗಳ ನಡುವೆ ನೀರಿನ ತೆಳುವಾದ ಪದರವಿರುತ್ತದೆ. ಬೆರಳಿನಿಂದ ಒತ್ತಿದಾಗ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಒತ್ತುವುದನ್ನು ನಿಲ್ಲಿಸಿದರೆ ಪರಸ್ಪರ ಆಕರ್ಷಣೆಯಿಂದ ಇದ್ದಲ್ಲೇ ನಿಲ್ಲುತ್ತವೆ. ಅಂದರೆ ಒಂದು ಮಿತಿಯವರೆಗಿನ ಒತ್ತಡಕ್ಕೆ ಅದು ಘನ, ಆ ಮಿತಿ ದಾಟಿದರೆ ಹರಿಯುವ ವಸ್ತು. ಗಣಪತಿಯ ಮೂರ್ತಿ ಮಾಡುವವರಿಗೆ ಈ ಮಿತಿ ಕೈಯಳತೆಯಲ್ಲೇ ಗೊತ್ತು: ಮಣ್ಣಿಗೆ ನೀರು ತುಸು ಹೆಚ್ಚಾದರೆ ಮಿತಿ ತಗ್ಗಿ, ಮೂರ್ತಿ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಬೆಣ್ಣೆಯದೂ ಹೆಚ್ಚು ಕಡಿಮೆ ಇದೇ ಕಥೆ. ಅಲ್ಲಿ ಬಿಲ್ಲೆಗಳ ಬದಲು ಕೊಬ್ಬಿನ ಹರಳುಗಳ ಜಾಲವಿದೆ.

ಕಣಕದ ಸ್ವಭಾವ ಇನ್ನಷ್ಟು ಸ್ವಾರಸ್ಯಕರ. ಮೈದಾಹಿಟ್ಟನ್ನು ನೀರು ಹಾಕಿ ನಾದಿದಾಗ ಅದರಲ್ಲಿನ ಪ್ರೋಟೀನುಗಳು ಕೂಡಿಕೊಂಡು ಗ್ಲುಟೆನ್ ಎಂಬ ಎಳೆಎಳೆಯಾದ ಜಾಲವಾಗುತ್ತದೆ. ಪಿಷ್ಟದ ಕಣಗಳು, ನೀರು, ಎಣ್ಣೆ, ಒಂದಿಷ್ಟು ಗಾಳಿಗುಳ್ಳೆ ಎಲ್ಲವೂ ಆ ಜಾಲದೊಳಗೆ ಸಿಕ್ಕಿಕೊಂಡಿರುತ್ತವೆ. ಹೀಗೆ ಘನ, ದ್ರವ, ಅನಿಲ ಮೂರೂ ಒಂದೇ ಮುದ್ದೆಯಲ್ಲಿರುವಾಗ ಅದಕ್ಕೆ ಒಂದೇ ಹೆಸರು ಹಚ್ಚುವುದು ಕಷ್ಟವೇ ಸರಿ. ಕಣಕವನ್ನು ಸರಕ್ಕನೆ ಎಳೆದು ಬಿಟ್ಟರೆ ರಬ್ಬರಿನಂತೆ ತುಸು ಹಿಂದಕ್ಕೆ ಸರಿಯುತ್ತದೆ. ಎಣ್ಣೆ ಸವರಿ ಒಂದೆರಡು ಗಂಟೆ ನೆನೆಯಲು ಬಿಟ್ಟರೆ ಪಾತ್ರೆಯ ತಳದಲ್ಲಿ ಮೆಲ್ಲನೆ ಹರಡಿಕೊಳ್ಳುತ್ತದೆ. ಹಿಂದಕ್ಕೆ ಸರಿಯುವುದು ಘನದ ಗುಣ, ಹರಡುವುದು ದ್ರವದ ಗುಣ. ಎರಡೂ ಇರುವ ಇಂಥ ವಸ್ತುಗಳನ್ನು ವಿಜ್ಞಾನಿಗಳು ವಿಸ್ಕೋಇಲಾಸ್ಟಿಕ್ ಎನ್ನುತ್ತಾರೆ. ನಾದಿದ ಕೂಡಲೇ ಲಟ್ಟಿಸಿದ ಚಪಾತಿ ಕುಗ್ಗಿಕೊಳ್ಳುವುದಕ್ಕೆ ಗ್ಲುಟೆನ್ ಜಾಲದ ಬಿಗಿ ಕಾರಣ; ಹಿಟ್ಟನ್ನು ಅರ್ಧ ಗಂಟೆ ಮುಚ್ಚಿಟ್ಟರೆ ಸಲೀಸಾಗಿ ಅಗಲವಾಗುವುದಕ್ಕೆ ಆ ಬಿಗಿ ಕ್ರಮೇಣ ಸಡಿಲವಾಗುವುದೇ ಕಾರಣ.

ಕಾಲದ ಮಾತಿಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪ್ರಯೋಗವೊಂದು ಒಳ್ಳೆಯ ಉದಾಹರಣೆ. ಸುತ್ತಿಗೆಯಿಂದ ಹೊಡೆದರೆ ಚೂರುಚೂರಾಗುವ, ಕಪ್ಪು ಡಾಂಬರಿನಂಥ ಪಿಚ್ ಎಂಬ ವಸ್ತುವನ್ನು ಥಾಮಸ್ ಪಾರ್ನೆಲ್ ಎಂಬ ಪ್ರಾಧ್ಯಾಪಕರು 1927ರಲ್ಲಿ ಕಾಯಿಸಿ ಆಲಿಕೆಯೊಂದಕ್ಕೆ ಸುರಿದರು. 1930ರಲ್ಲಿ ಆಲಿಕೆಯ ತುದಿಯನ್ನು ಕತ್ತರಿಸಿದರು. ಅಂದಿನಿಂದ 2014ರವರೆಗೆ ಬಿದ್ದದ್ದು ಒಂಬತ್ತೇ ಹನಿ. ಸುತ್ತಿಗೆಯ ಕ್ಷಣಕ್ಕೆ ಘನವಾದದ್ದು ದಶಕಗಳ ಲೆಕ್ಕದಲ್ಲಿ ದ್ರವ!

ಇಂಥ ಮಿದು ವಸ್ತುಗಳ ಅಧ್ಯಯನಕ್ಕೆಂದೇ ಬೆಂಗಳೂರಿನಲ್ಲಿ ನ್ಯಾನೋ ಮತ್ತು ಮೃದು ದ್ರವ್ಯ ವಿಜ್ಞಾನಗಳ ಕೇಂದ್ರವಿದೆ. ಮಗಳಿಗೆ ಮನೆಯಲ್ಲೇ ತೋರಿಸುವುದಾದರೆ ಚೆನ್ನಾಗಿ ನೆನೆದ ಕಣಕದ ಉಂಡೆಯನ್ನೂ ಅಷ್ಟೇ ಗಾತ್ರದ ಜೇಡಿಮಣ್ಣಿನ ಉಂಡೆಯನ್ನೂ ಒಂದು ತಟ್ಟೆಯಲ್ಲಿಟ್ಟು, ಒಣಗದಂತೆ ಮುಚ್ಚಿಡಿ. ಒಂದು ಗಂಟೆಯ ನಂತರ ಮುಚ್ಚಳ ತೆಗೆದಾಗ ಯಾವುದು ಉಂಡೆಯಾಗಿಯೇ ಉಳಿದಿದೆ, ಯಾವುದು ಚಪ್ಪಟೆಯಾಗಿದೆ ಎಂಬುದನ್ನು ಅವಳೇ ಅಳತೆಪಟ್ಟಿ ಹಿಡಿದು ಬರೆದುಕೊಳ್ಳಲಿ.