ಹಿಕ್ಕೆ ಬಿದ್ದ ಕಡೆ ಹುಲ್ಲು

1963ರ ನವೆಂಬರ್‌ನಲ್ಲಿ ಐಸ್‌ಲೆಂಡಿನ ದಕ್ಷಿಣದ ಕಡಲಿನಲ್ಲಿ ಒಂದು ಜ್ವಾಲಾಮುಖಿ ಸಿಡಿಯಿತು. ಬೂದಿ, ಲಾವಾ ರಾಶಿ ಬಿದ್ದು ಹೊಸ ದ್ವೀಪವೇ ಎದ್ದಿತು. ಅದರ ಹೆಸರು ಸುರ್ಟ್ಸೆ. ಬರೀ ಕರಿ ಮರಳು, ಕಲ್ಲು. ವಿಜ್ಞಾನಿಗಳಿಗೆ ಇನ್ನೇನು ಬೇಕು? ಬೇರೆಯವರು ಕಾಲಿಡದಂತೆ ನಿರ್ಬಂಧ ಹಾಕಿ, ಬೋಳು ನೆಲಕ್ಕೆ ಜೀವ ಹೇಗೆ ಬರುತ್ತದೆ ಎಂದು ನೋಡತೊಡಗಿದರು. ಅಷ್ಟೆಲ್ಲ ಜಾಗ್ರತೆ ಮಾಡಿಯೂ ಒಮ್ಮೆ ಅಲ್ಲಿ ಟೊಮೆಟೊ ಗಿಡ ಹುಟ್ಟಿತ್ತು. ಯಾರೋ ಬಯಲಿಗೆ ಹೋಗಿ ಬಂದಿದ್ದರ ಫಲ! ಅದನ್ನು ಕಿತ್ತು ಹಾಕಿದರು.

ಮೊದಲ ಗಿಡ 1965ರಲ್ಲೇ ಬಂತು, ಜ್ವಾಲಾಮುಖಿ ಇನ್ನೂ ಆರಿರಲಿಲ್ಲ. ಬೀಜಗಳೇನೋ ಅಲೆಯ ಮೇಲೆ, ಗಾಳಿಯಲ್ಲಿ, ಹಕ್ಕಿಗಳ ಜೊತೆ ಬರುತ್ತಲೇ ಇದ್ದವು. ಆದರೆ ಮೊದಲ 20 ವರ್ಷದಲ್ಲಿ ಕಂಡ ಸುಮಾರು 20 ಜಾತಿಗಳಲ್ಲಿ ನೆಲೆ ನಿಂತಿದ್ದು ಹತ್ತೇ. ಮರಳಿನಲ್ಲಿ ಸಾರಜನಕವೇ ಇಲ್ಲದಂತಿತ್ತು, ಬಂದವರು ತಿನ್ನುವುದೇನು? ದಪ್ಪ ಎಲೆಯ ಒಂದು ಕಡಲತೀರದ ಗಿಡ ಮಾತ್ರ ಬೇರನ್ನು ಆಳಕ್ಕಿಳಿಸಿ, ಹಾರುವ ಮರಳನ್ನು ತನ್ನ ಸುತ್ತ ಹಿಡಿದಿಟ್ಟುಕೊಂಡು, ಅಲ್ಲೊಂದು ಇಲ್ಲೊಂದು ಹಸಿರು ಗುಪ್ಪೆಯಾಗಿ ಬೆಳೆಯಿತು.

ಆಟ ಬದಲಾಗಿದ್ದು 1986ರ ಸುಮಾರಿಗೆ. ಗಲ್ ಎಂಬ ಕಡಲಹಕ್ಕಿಗಳು ದ್ವೀಪದ ದಕ್ಷಿಣ ಭಾಗದಲ್ಲಿ ಗುಂಪಾಗಿ ಗೂಡು ಕಟ್ಟಿದವು. ಮೀನು ತಿಂದು ಬಂದು ಹಿಕ್ಕೆ ಹಾಕುತ್ತವೆ, ಅಂದರೆ ಕಡಲಿನ ಸಾರಜನಕ ನೆಲಕ್ಕೆ ಬಂದು ಬೀಳುತ್ತದೆ. ಗೊಬ್ಬರದ ಮಹಿಮೆಯನ್ನು ನಮ್ಮ ರೈತರಿಗೆ ಹೇಳಿಕೊಡಬೇಕೇ! ಹುಲ್ಲು ದಟ್ಟವಾಯಿತು, ಹುಳಗಳು ಹೆಚ್ಚಿದವು, 1993ರಲ್ಲಿ ಎರೆಹುಳವೂ ಸಿಕ್ಕಿತು. 2008ರ ಹೊತ್ತಿಗೆ ಕಂಡ ಗಿಡಗಳು 69 ಜಾತಿ, ಬೇರೂರಿದವು ಸುಮಾರು 30. ಗೂಡುಗಳಿಂದ ದೂರದ ಮರಳಿನಲ್ಲಿ ಮಾತ್ರ ಹಳೆಯ ಗುಪ್ಪೆಗಳದ್ದೇ ರಾಜ್ಯ.

ಹಾಗಾದರೆ ಜಾತಿಗಳು ಹೀಗೇ ಜಾಸ್ತಿಯಾಗುತ್ತಾ ಹೋಗುತ್ತವೆಯೇ? ಇಲ್ಲ ಅನ್ನಿಸುತ್ತದೆ. ದಟ್ಟ ಹುಲ್ಲಿನ ನಡುವೆ ಸಣ್ಣ ಗಿಡಗಳಿಗೆ ಬಿಸಿಲೇ ಸಿಗುವುದಿಲ್ಲ. ಜೊತೆಗೆ ಕಡಲು ದ್ವೀಪವನ್ನೇ ಕೊರೆಯುತ್ತಿದೆ: ಒಂದು ಕಾಲದಲ್ಲಿ 2.7 ಚದರ ಕಿಲೋಮೀಟರ್ ಇದ್ದದ್ದು 2012ಕ್ಕೆ 1.3ಕ್ಕೆ ಇಳಿದಿತ್ತು. ಸಮತೋಲನ ಅಂದರೆ ಎಲ್ಲ ನಿಂತುಹೋಗುವುದು ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಬರುವವರು, ಹೋಗುವವರು, ನೆಲದ ಅಳತೆ ಎಲ್ಲವೂ ಒಟ್ಟಿಗೇ ಬದಲಾಗುತ್ತಿವೆ. ಸುರ್ಟ್ಸೆಯ ಮುಂದಿನ ಗತಿಗೆ ಸುಳಿವು ಬೇಕಿದ್ದರೆ ಸುತ್ತಲ ಹಳೆಯ ದ್ವೀಪಗಳಿವೆ. ಕಡಲು ಅವನ್ನು ಸವೆಸಿ ಸಣ್ಣದಾಗಿಸಿದೆ. ಅಲ್ಲಿ ದಟ್ಟ ಹುಲ್ಲು, ಬೆರಳೆಣಿಕೆಯ ಗಿಡಜಾತಿ, ನೆಲ ಕೊರೆದು ಗೂಡು ಮಾಡುವ ಪಫಿನ್ ಹಕ್ಕಿಗಳು. ಸುರ್ಟ್ಸೆಯಲ್ಲಿ ಪಫಿನ್‌ಗಳ ಮೊದಲ ಗೂಡು 2004ರಲ್ಲೇ ಸಿಕ್ಕಿದೆ.