ತಳದಲ್ಲಿ ಪುಡಿ ಕೂತರೆ ಔಷಧಿ ಕೆಟ್ಟಿದೆ ಅಂತಲಾ?

"ಸರ್, ಮಗುವಿನ ಪ್ಯಾರಾಸಿಟಮಾಲ್ ಸಿರಪ್‌ನ ತಳದಲ್ಲಿ ಬಿಳಿ ಪುಡಿ ಕೂತಿದೆ, ಮೇಲೆ ತಿಳಿನೀರು. ಎಸೆಯಬೇಕಾ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮುಗಿಯುವುದಿಲ್ಲ. ಎಸೆಯಬೇಡಿ. ಎಕ್ಸ್‌ಪೈರಿ ನೋಡಿ, ಚೆನ್ನಾಗಿ ಕುಲುಕಿ. ಪುಡಿ ಪೂರ್ತಿ ಮೇಲೆದ್ದು ಬೆರೆತರೆ ಕೊಡಿ. ಬಣ್ಣ, ವಾಸನೆ ಬದಲಾಗಿದ್ದರೆ ಬೇಡ.

ನಾವು ಸಿರಪ್ ಅನ್ನುತ್ತೇವೆ, ಲೇಬಲ್ ಮೇಲೆ ಸಸ್ಪೆನ್ಷನ್ ಅಂತಿರುತ್ತದೆ, ಅಂದರೆ ಕರಗದ ಪುಡಿ ಬೆರೆತ ದ್ರವ. 1 ಮಿ.ಲೀ. ನೀರಿನಲ್ಲಿ ಕರಗುವುದು ಸುಮಾರು 14 ಮಿ.ಗ್ರಾಂ. ಪ್ಯಾರಾಸಿಟಮಾಲ್. ಬಾಟಲಿಯಲ್ಲಿ 5 ಮಿ.ಲೀ.ಗೆ 250 ಮಿ.ಗ್ರಾಂ. ಅಂದರೆ 1 ಮಿ.ಲೀ.ಗೆ 50. ಮಿಕ್ಕಿದ್ದು ಪುಡಿಯಾಗಿಯೇ ಇರಬೇಕು, ಅಲ್ವಾ?

ಆದರೂ ಒಂದು ನಂಬಿಕೆ ಮಾತ್ರ ಬಿಡುವುದಿಲ್ಲ: "ಒಳ್ಳೆ ಕಂಪನಿ ಔಷಧಿ ಆದ್ರೆ ಪುಡಿ ಕೂರೋದೇ ಇಲ್ಲ." ನನ್ನ ವಿದ್ಯಾರ್ಥಿಗಳೂ ಹೀಗೇ ಅನ್ನುತ್ತಾರೆ. ಅದಕ್ಕೇ ಲ್ಯಾಬಿನಲ್ಲಿ ಎರಡು ಸಿಲಿಂಡರ್ ಇಡಿಸುತ್ತೇನೆ, ಎರಡರಲ್ಲೂ ಒಂದೇ ಔಷಧಿ. ಮೊದಲನೆಯದರಲ್ಲಿ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ಒಂಟಿಯಾಗಿರುತ್ತವೆ. ಬಲು ನಿಧಾನ ಇಳಿಯುತ್ತವೆ, ಮೇಲಿನ ನೀರು ದಿನಗಟ್ಟಲೆ ಬೆಳ್ಳಗೇ ಇರುತ್ತದೆ. ಎರಡನೆಯದರಲ್ಲಿ ಕಣಗಳು ಹಿಂಜಿದ ಅರಳೆಯ ಹಾಗೆ ಸಡಿಲವಾಗಿ ಅಂಟಿಕೊಂಡಿರುತ್ತವೆ. ಬೇಗ ಕೂರುತ್ತವೆ. ಮಾರ್ಕ್ಸ್ ಎಲ್ಲ ಮೊದಲನೆಯದಕ್ಕೇ!

ಕೆಲವು ವಾರ ಬಿಟ್ಟು ಎರಡನ್ನೂ ತಲೆಕೆಳಗು ಮಾಡಿ ಅನ್ನುತ್ತೇನೆ. ಮೊದಲನೆಯದರ ತಳದ ಪದರ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಗಾಜಿನ ಕಡ್ಡಿಯಿಂದ ಕೆದಕಿದರೆ ಹೆಂಟೆಹೆಂಟೆಯಾಗಿ ಏಳುತ್ತದೆ. ಒಂಟಿ ಕಣಗಳು ಸಂದಿಯಿಲ್ಲದೆ ಒತ್ತಿ ಕೂತಿರುತ್ತವಲ್ಲ. ಎರಡನೆಯದು ನಾಲ್ಕು ಸಲ ತಿರುಗಿಸಿದರೆ ಸಮವಾಗುತ್ತದೆ. ಆಗ ಕ್ಲಾಸ್ ಸುಮ್ಮನಾಗುತ್ತದೆ, ನನಗೂ ಒಂಚೂರು ಖುಷಿ. ಬೇಗ ಕೂರುವ ಹಾಗೆ ಬೇಕಂತಲೇ ಮಾಡಿರುತ್ತಾರೆ, ಸ್ವಾಮಿ. ತಳ ಗಟ್ಟಿಯಾದ ಬಾಟಲಿಯನ್ನು ಅಂಗಡಿಗೆ ವಾಪಸ್ ಕೊಡಿ. ಮೇಲಿನ ಚಮಚಗಳಲ್ಲಿ ಔಷಧಿ ಕಮ್ಮಿ, ಕೊನೆಯವುಗಳಲ್ಲಿ ಜಾಸ್ತಿ ಆದೀತು.

ಇಂಜೆಕ್ಷನ್ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಪ್ರೊಕೇನ್ ಪೆನಿಸಿಲಿನ್ ಸಸ್ಪೆನ್ಷನ್‌ನಲ್ಲಿ 100 ಮಿ.ಲೀ.ಗೆ 40ರಿಂದ 70 ಗ್ರಾಂ ಪುಡಿ ತುಂಬಬಹುದು. ಅದು ಸೂಜಿಯಲ್ಲಿ ಹೇಗೆ ಹೋಗುತ್ತದೆ? ಒತ್ತಿದಾಗ ಕಣಗಳ ಜಾಲ ಕಳಚಿ ತೆಳ್ಳಗೆ ಹರಿಯುತ್ತದೆ. ಮಾಂಸಖಂಡದೊಳಗೆ ಮತ್ತೆ ಮುದ್ದೆಕಟ್ಟಿ, ಔಷಧಿಯನ್ನು ನಿಧಾನವಾಗಿ ಬಿಡುತ್ತದೆ. ಇಷ್ಟು ಪುಡಿ ಇದ್ದೂ ಕಣಗಳು ಒಂಟಿಯಾಗಿದ್ದರೆ ಕತೆ ಉಲ್ಟಾ. ಜೋರಾಗಿ ತಳ್ಳಿದಷ್ಟೂ ಸರಿಯಲು ಜಾಗವಿಲ್ಲದೆ ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ಕಾರ್ಖಾನೆಯಲ್ಲಿ ಇಂಥ ಮಾಲನ್ನು ಮಿಕ್ಸರ್‌ಗೆ ಹಾಕಿ ಸ್ಪೀಡ್ ಏರಿಸಿದರೆ ಮೋಟಾರೇ ಸುಟ್ಟೀತು. ಸ್ಪೀಡ್ ಇಳಿಸಬೇಕು.